ಪ್ರಾಂಗ್‌ಹಾರ್ನ್ ಯಾರ ಪೈಕಿ?

“ಇದು ನಮ್ಮ ಕಡಿ ಚಿಗರಿ ಅಲ್ಲೇನವಾ?” ಸಿಡ್ನಿಯ ವಸ್ತುಸಂಗ್ರಹಾಲಯದಲ್ಲಿ ಗಾಜಿನಾಚೆ ನಿಂತ ಪ್ರಾಣಿಯನ್ನು ಕಂಡು ಧಾರವಾಡದ ಅನ್ನಪೂರ್ಣವ್ವ ಹಿಗ್ಗಿದರು.

“ಅಲ್ಲ ಆಂಟಿ, ಇದು ಅಮೆರಿಕದ ಪ್ರಾಂಗ್‌ಹಾರ್ನ್” ಎಂದಳು ಅಲ್ಲಿ ಗೈಡ್ ಆಗಿದ್ದ ಕೃಪಾ. ಅನಾಥಾಶ್ರಮದಲ್ಲಿ ಬೆಳೆದ ಅವಳು ಇವರ ಮಗನನ್ನು ಮದುವೆಯಾಗಲಿದ್ದಳು. ಯಾರನ್ನು ಕಂಡರೂ ‘ಯಾರ ಪೈಕಿ?’ ಎಂದು ಕೇಳುವ ಈ ಹೆಂಗಸು ಅವಳನ್ನಿನ್ನೂ ಕೇಳಿರಲಿಲ್ಲ.

“ಹಂಗಾರ ಇದು ಯಾರ ಪೈಕಿ?”

“ಜಿಂಕೆ ಕೊಂಬು ಉದುರಿಸೋ ಥರ ಇದು ವರ್ಷಾವರ್ಷ ಕೊಂಬಿನ ಹೊದಿಕೆ ಉದುರಿಸುತ್ತೆ, ಆಡಿನ ಥರ ಒಳಗಿನ ಮೂಳೆ ಉಳಿಸ್ಕೊಳ್ಳುತ್ತೆ. ಆದ್ರೆ ಎರಡರ ಪೈಕಿನೂ ಅಲ್ಲ. ಇದರ ಮನೆತನದ್ದೆಲ್ಲ ಯಾವತ್ತೋ ಅಳಿದುಹೋಯ್ತು, ಉಳಿದಿರೋದು ಇದೊಂದೇ. ಓಟದಲ್ಲಿ ಮಾತ್ರ, ಹೋದ ವರ್ಷ ಇಲ್ಲಿ ಒಲಿಂಪಿಕ್ಸ್‌ನಲ್ಲಿ ಓಡಿದವರೆಲ್ಲ ಇದರ ಮುಂದೆ ನಿಂತ ಹಾಗೇ ಲೆಕ್ಕ.” ಹೇಳುತ್ತ ಹೇಳುತ್ತ ಕೃಪಾಳ ದನಿ ಸಣ್ಣಗಾಯಿತು.

ಅನ್ನಪೂರ್ಣವ್ವ ಆ ಕವಲೊಡೆದ ಕೊಂಬನ್ನೂ ಎತ್ತಿದ ಕತ್ತನ್ನೂ ಕಣ್ತುಂಬ ನೋಡಿದರು. “ತನ್ನವರು ಯಾರಿಲ್ಲಂದ್ರೂ ಎಷ್ಟ್ ಠೀವಿಲೆ ನಿಂತೈತಿ ನೋಡು!”

ಜೊತೆಗೆ ಬಂದಿದ್ದ, ಗಿರಾವೀನ್ ಬಡಾವಣೆಯಲ್ಲಿ ಮಗನ ನೆರೆಮನೆಯ ಅನಸೂಯ ಮೆಲ್ಲನೆ ಅವರ ಕಿವಿಯಲ್ಲಿ ಕೇಳಿದರು: “ಹುಡುಗಿ ಯಾರ ಪೈಕಿ?”

ಅನ್ನಪೂರ್ಣವ್ವ ಪ್ರಾಣಿಯ ಮೇಲಿನ ಕಣ್ಣು ತೆಗೆಯದೆಯೇ ಪಕ್ಕಕ್ಕೆ ಕೈಚಾಚಿ ಕೃಪಾಳ ಮೊಣಕೈ ಹಿಡಿದುಕೊಂಡರು.

“ನಮ್ಮ ಪೈಕಿ.”