ಚಂದ್ರನ ಮೇಲಿನ ಸೈರನ್

ಬಿಳಿ ಗೋಂದಿನ ಹುಳಿ ವಾಸನೆ ಈಗಲೂ ನನ್ನನ್ನು ಏಳನೇ ಕ್ಲಾಸಿನ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಭದ್ರಾವತಿಯಲ್ಲಿ ಅಪ್ಪನ ಕಾರ್ಖಾನೆ ಮುಚ್ಚಿದ ಮೇಲೆ ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದೆವು. ಹೊಸ ಶಾಲೆಯಲ್ಲಿ ಚಂದ್ರನ ಮೇಲೊಂದು ಊರು ಕಟ್ಟುವ ಪ್ರಾಜೆಕ್ಟ್ ಕೊಟ್ಟರು. ನನ್ನ ಗುಂಪಿನವರು ಗಾಳಿ, ನೀರು, ತರಕಾರಿ ಎಂದು ತಮ್ಮತಮ್ಮಲ್ಲೇ ಹಂಚಿಕೊಂಡರು. ನನಗೆ ಯಾರೂ ಏನೂ ಹೇಳಲಿಲ್ಲ. ಉಳಿದ ಥರ್ಮೊಕೋಲ್ ಕೊರೆದು, ಊರಿನ ಪ್ಲಾಸ್ಟಿಕ್ ಗುಮ್ಮಟದ ಹೊರಗೆ ನಾನೊಂದು ಎತ್ತರದ ಕಂಬ ನಿಲ್ಲಿಸಿದೆ. ತುದಿಗೆ ಪೆನ್ನಿನ ಕ್ಯಾಪ್ ಅಂಟಿಸಿದೆ.

"ಇದೇನೇ?" ಎಂದರು ವಿಜ್ಞಾನದ ಮಿಸ್.

"ಸೈರನ್ ಮಿಸ್. ಶಿಫ್ಟ್ ಬಿಟ್ಟಾಗ ಕೂಗುತ್ತೆ. ಇಲ್ಲಾಂದ್ರೆ ಅಮ್ಮಂದ್ರು ಟೀಗೆ ಯಾವಾಗ ಇಡೋದು?"

ಕ್ಲಾಸೆಲ್ಲ ನಕ್ಕಿತು. "ಅಲ್ಲಿ ಗಾಳೀನೇ ಇಲ್ಲ ಮಾರಾಯ್ತಿ, ಸದ್ದು ಹೆಂಗೆ ಕೇಳುತ್ತೆ?" ಎಂದು ಗುಂಪಿನ ಹುಡುಗ ಕಂಬವನ್ನು ಕಿತ್ತು ನನ್ನ ಕೈಗಿಟ್ಟ.

ಅದನ್ನು ಹಿಡಿದುಕೊಂಡೇ ಮನೆಗೆ ಬಂದೆ. ಅಪ್ಪ ದಿನವೂ ಸಂಜೆ, ಹಿಂದೆ ಶಿಫ್ಟ್ ಬಿಡುತ್ತಿದ್ದ ಹೊತ್ತಿಗೆ ನಿಲ್ಲುವಂತೆ ಕಿಟಕಿಯ ಬಳಿ ನಿಂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಗೋಂದು ಇನ್ನೂ ಅಂಟಂಟಾಗಿದ್ದ ಕಂಬವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ಗಾಳಿ ಇದೆ ಮಗಾ," ಎಂದರು. "ಆದ್ರೂ ಕೇಳಲ್ವಲ್ಲ."