ಮುದ್ದೆ ಆರುವುದರೊಳಗೆ

“ನಾನು ಹೋಗ್ತೀನಿ” ಎಂದಳು ಮೃದುಲಾ, ಕುಂತಿಬೆಟ್ಟದ ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಂತು. ಬಂಡೆ ಇಳಿಯಲು ಸೊಂಟಕ್ಕೆ ಹಗ್ಗ ಬಿಗಿದಿತ್ತು; ಕನ್ನಡದ ಮಾತು ತಪ್ಪಿಲ್ಲದೆ ಬಂತಲ್ಲ ಎಂದು ಹಿಗ್ಗಿದಳು. ಜಬಲ್ಪುರದ ಆಕೆ ಊರಿಂದ ಊರಿಗೆ ವರ್ಗವಾಗುತ್ತ ಈಗ ಪಾಂಡವಪುರದ ಬ್ಯಾಂಕಿಗೆ ಬಂದಿದ್ದಳು. ಕನ್ನಡ ತರಗತಿಯ ಈ ಎರಡು ದಿನದ ಪ್ರವಾಸದಲ್ಲಿ ಬೇರೆ ಭಾಷೆ ಆಡುವಂತಿರಲಿಲ್ಲ. ಕೆಳಗೆ ಆಲೆಮನೆಯ ಹೊಗೆ ಬೆಳಗಿನ ಮಂಜಿಗೆ ಬೆರೆತು, ಕಬ್ಬಿನ ಗದ್ದೆಗಳೆಲ್ಲ ನೀರಿನಡಿ ಮುಳುಗಿದಂತೆ ಕಾಣುತ್ತಿದ್ದವು.

ಹಗ್ಗ ಹಿಡಿದಿದ್ದ ನಿಂಗರಾಜು ಇನ್ನೇನು ಸಡಿಲಿಸಬೇಕು, ಅಷ್ಟರಲ್ಲಿ ಅಡುಗೆಯ ದೊಡ್ಡತಾಯಮ್ಮ ಊಟದ ಕುಕ್ಕೆಯನ್ನು ಕೆಳಗಿಟ್ಟು ಓಡಿಬಂದು ಮೃದುಲಾಳ ಮಣಿಕಟ್ಟು ಹಿಡಿದಳು. “ತಡಿಯಲಾ ನಿಂಗ, ಬುಡಬ್ಯಾಡ! ಓಯ್ತೀನಿ ಅಂತ ಅನ್ಬಾರ್ದು ಕಣವ್ವ. ಓಗ್ಬತ್ತೀನಿ ಅನ್ನು. ಅನ್ನೋಗಂಟ ನಾನು ಕೈ ಬುಡಾಕಿಲ್ಲ.”

ಮೃದುಲಾ ಆ ಒರಟು ಬೆರಳುಗಳನ್ನೇ ನೋಡಿದಳು. ಜಬಲ್ಪುರದ ಮನೆಯ ಹೊಸ್ತಿಲಲ್ಲಿ ಅವಳಮ್ಮನೂ ಹೀಗೇ ಕೈ ಹಿಡಿದು, ತನ್ನ ಭಾಷೆಯಲ್ಲಿ ಇದೇ ಮಾತು ಹೇಳಿಸಿಕೊಂಡೇ ಕಳಿಸುತ್ತಿದ್ದಳು. ಎಂಬತ್ತೊಂಬತ್ತನೇ ಇಸವಿಯಲ್ಲಿ ಅಮ್ಮ ತೀರಿಕೊಂಡ ಮೇಲೆ, ಎಷ್ಟೋ ಊರುಗಳಿಂದ ಅವಳು ಆ ಮಾತು ಹೇಳಿಸಿಕೊಳ್ಳುವವರಿಲ್ಲದೆ ಹೊರಟುಬಂದಿದ್ದಳು. ಮಂಜು ಮೇಲೇರಿ ಬಂಡೆ ಕರಗಿತು, ನಿಂಗರಾಜು ಕರಗಿದ. ಆ ಕೈಯೊಂದು ಮಾತ್ರ ಉಳಿಯಿತು.

“ಹೋಗ್ಬರ್ತೀನಿ... ಅಮ್ಮ.”

ದೊಡ್ಡತಾಯಮ್ಮ ಕೈ ಬಿಟ್ಟಳು. “ಊಂ, ಮುದ್ದೆ ಆರೋಗೋದ್ರೊಳಗೆ ಬಂದ್ಬುಡು.”