ನವೆಂಬರ್ ಪಟ್ಟಿಯ ಕಡೆಯ ಪುಸ್ತಕ

ಈ ತಿಂಗಳೂ ಪುಸ್ತಕಗಳು ಮಾಯ. ಗುನ್‌ವೋರ್ ಕಪಾಟಿನ ಖಾಲಿ ಜಾಗಕ್ಕೆ ಕೈ ತೂರಿಸಿ ನೋಡಿದಳು. ಅವಳು ಪಟ್ಟಿ ಅಂಟಿಸಿ ಎರಡು ದಿನವೂ ಆಗಿರಲಿಲ್ಲ.

"ಯಾರು ತಗೊಂಡ್ರು?"

"ದಾಖಲೆಲಿ ಯಾರ ಹೆಸರೂ ಇಲ್ಲ," ಎಂದಳು ಗ್ರಂಥಪಾಲಕಿ ತೂರೂನ್. "ವಾರ ಕಳೆದ್ರೆ ತಾವಾಗೇ ವಾಪಸ್ ಬಂದು ಕೂತಿರ್ತವೆ."

ನಾರ್ವೆಯ ಆ ಮೀನುಗಾರರ ಊರಿಗೆ ತೂರೂನ್ ಬರುತ್ತಿದ್ದುದು ವಾರಕ್ಕೆರಡೇ ದಿನ. ಉಳಿದ ದಿನ ಸದಸ್ಯರೇ ಕಾರ್ಡು ತೋರಿಸಿ ಬಾಗಿಲು ತೆರೆಯಬೇಕು, ಪುಸ್ತಕವನ್ನು ಯಂತ್ರದ ಕೆಳಗಿಟ್ಟು ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಎಲ್ಲ ನಂಬಿಕೆಯ ಮೇಲೆ.

ಗುನ್‌ವೋರ್ ಹಡಗಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಊರಿಗೆ ಮರಳಿದ್ದು ಹೆಂಡತಿಯನ್ನು ಕಟ್ಟಿಕೊಂಡು; ಆಡಿಕೊಳ್ಳುವವರು ಆಡಿಕೊಳ್ಳಲಿ ಎಂದು ಚರ್ಚಿನ ಎದುರಿಗೇ ಮನೆ ಮಾಡಿದ್ದಳು. ತಿಂಗಳ ಕೊನೆಗೆ ಗ್ರಂಥಾಲಯದ ಫಲಕದಲ್ಲಿ ಅವಳ ಹಾಳೆ ತಪ್ಪುತ್ತಿರಲಿಲ್ಲ: ಈ ತಿಂಗಳು ಓದಿದ್ದು ಇವು, ಮುಂದಿನ ತಿಂಗಳು ನೀವು ಓದಬೇಕಾದ ಕ್ವಿಯರ್ ಕಾದಂಬರಿಗಳು, ಅಂದರೆ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳು, ಇವು. 'ಇದು ಅಳಿಸುತ್ತದೆ', 'ಇದರಲ್ಲಿ ಕಡೆಗೆ ಇಬ್ಬರೂ ಕೂಡುತ್ತಾರೆ' ಎಂಬ ಷರಾ ಬೇರೆ. ಆ ಕಾದಂಬರಿಗಳಿಗೆಂದೇ ಅಲ್ಲೊಂದು ಕಪಾಟಿತ್ತು.

ಗ್ರಂಥಾಲಯ ಸಮಿತಿಯ ಅಧ್ಯಕ್ಷ ಓಡ್‌ವಾರ್, ಎಪ್ಪತ್ತು ದಾಟಿದ ಬ್ರಹ್ಮಚಾರಿ, ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತು ಮೂಗು ಮುರಿಯುತ್ತಿದ್ದ.

"ಒಬ್ಬರೇ ಓದೋ ಕಪಾಟು ಎತ್ತಿಬಿಡ್ಬೇಕು, ನಿಯಮ," ಎಂದಿದ್ದ. "ದಾಖಲೆಲಿ ಇರೋದು ನಿನ್ನ ಹೆಸರೊಂದೇ. ಇನ್ನೊಬ್ಬ ಓದುಗನ್ನ ತೋರ್ಸು, ಕಪಾಟಿನ ತಂಟೆಗೆ ಬರಲ್ಲ."

ವಾಪಸ್ ಬಂದ ಪುಸ್ತಕಗಳಿಗೆ ಕರ್ಪೂರದ ಪೆಪ್ಪರ್‌ಮೆಂಟಿನ ವಾಸನೆ. ಊರಲ್ಲಿ ಅದನ್ನು ಚೀಪುವವನು ಓಡ್‌ವಾರ್ ಒಬ್ಬನೇ. 'ಅಳಿಸುತ್ತದೆ' ಎಂದಿದ್ದ ಪುಸ್ತಕದ ಕಡೆಯ ಪುಟಗಳು ನೀರು ಬಿದ್ದು ಉಬ್ಬಿದ್ದವು. ಗುನ್‌ವೋರ್‌ಳ ಮೈ ಉರಿಯಿತು. ಬೇರೆಯವರ ಕೈಗೆ ಸಿಗದಂತೆ ಬಚ್ಚಿಡುವುದಲ್ಲದೆ ಬೇಕೆಂದೇ ನೆನೆಸಿದ್ದಾನೆ, ಪಾಪಿ.

ನವೆಂಬರ್ ಪಟ್ಟಿಯ ಕಡೆಯಲ್ಲಿ ಅವಳೊಂದು ಬಲೆ ಹಾಕಿದಳು. ಗ್ರಂಥಾಲಯದಲ್ಲೇ ಅತಿ ನೀರಸವಾದ, ನೀಲಿ ರಟ್ಟಿನ ಹಳೆಯ ಕಾದಂಬರಿ: ದೀಪಸ್ತಂಭ ಕಾಯುವ ಇಬ್ಬರು ಗಂಡಸರು, ನಾನೂರು ಪುಟ ಮಂಜು, ಗಾಳಿ, ಎಣ್ಣೆ. ಪ್ರೇಮದ ಸುಳಿವೂ ಇಲ್ಲ. ಪಕ್ಕದಲ್ಲಿ ಬರೆದಳು: 'ವರ್ಷದ ಅತ್ಯುತ್ತಮ ಪ್ರೇಮಕಥೆ. ತಾಳ್ಮೆ ಇರಲಿ.'

ಮರುದಿನವೇ ಅದು ಮಾಯ.

ಶುಕ್ರವಾರ ಮಧ್ಯಾಹ್ನ ಗ್ರಂಥಾಲಯದಲ್ಲೇ ಸಮಿತಿ ಸೇರಿತು. ಕಪಾಟಿನ ವಿಷಯ ಬಂತು. ಓಡ್‌ವಾರ್‌ನ ಚೀಲದಿಂದ ನೀಲಿ ರಟ್ಟು ಇಣುಕುತ್ತಿತ್ತು. ಕೇಳಲು ಬಂದು ಕೂತಿದ್ದ ಗುನ್‌ವೋರ್ ಎದ್ದು ನಿಂತಳು.

"ಚೀಲದಲ್ಲಿ ಏನಿದೆ, ತೆಗಿ."

"ತೆಗೀದಿದ್ರೆ?"

"ಕಪಾಟು ಎತ್ತಿದ್ರೂ ಪಟ್ಟಿ ನಿಲ್ಲಲ್ಲ. ನಮ್ಮನೆ ಗೋಡೆ ಮೇಲೆ ಬರೀತೀನಿ, ಚರ್ಚಿಗೆ ಹೋಗೋರೆಲ್ಲ ಓದ್ಕೊಂಡೇ ಹೋಗ್ಲಿ. ಕದ್ದು ಬಚ್ಚಿಡೋ ಹೇಡಿತನ ನಂಗಿಲ್ಲ."

ಕಡೆಯ ಮಾತು ಅವನಿಗೆ ನಾಟಿದ್ದು ಕಂಡಿತು. ಪುಸ್ತಕ ಹೊರತೆಗೆದ. ಓದಿದ ಗುರುತಿಗೆ ಇಟ್ಟ ಕಾಗದದ ಚೂರು ಕಡೆಯ ಪುಟದಲ್ಲಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಯಂತ್ರದವರೆಗೆ ನಡೆದು ಅದರ ಕೆಳಗಿಟ್ಟ.

"ನಾನೂರು ಪುಟ ಕಾದೆ ಕಣೇ, ಇಬ್ರೂ ಒಂದ್ಸಲ ಕೈ ಕೂಡ ಹಿಡ್ಕೊಳ್ಳಲಿಲ್ಲ; ನಿನ್ನ ಪಟ್ಟಿ ನಂಗೆ ಯಾವತ್ತೂ ಹೀಗೆ ಮೋಸ ಮಾಡಿರ್ಲಿಲ್ಲ. ತೂರೂನ್, ಇನ್ನೊಬ್ಬ ಓದುಗ ಬೇಕಿತ್ತಲ್ಲ, ಹಿಂದೆ ಒಯ್ದ ಹದಿನೇಳು ಪುಸ್ತಕಾನೂ ನನ್ನ ಹೆಸರಿಗೇ ಬರ್ಕೋ."